ನೀರು ಇಳಿದ ಮೇಲಿನ ದೇಶ

ಭಾರತದ 2019ನೇ ಇಸವಿಯ ಚರಿತ್ರೆ ಬರೆಯುವವರು ಆಗಸ್ಟ್ 5ನ್ನು ಬಿಟ್ಟು ಬರೆಯಲಾರರು. ಅಂದು ಸೋಮವಾರ. ಜಮ್ಮು ಮತ್ತು ಕಾಶ್ಮೀರಕ್ಕೆ ವಿಶೇಷ ಸ್ಥಾನ ಕೊಟ್ಟಿದ್ದ 370ನೇ ವಿಧಿಯ ಕುರಿತ ನಿರ್ಣಯ ರಾಜ್ಯಸಭೆಗೆ ಬಂತು. ಮರುದಿನ ಲೋಕಸಭೆ. ಅಂದು ರಾತ್ರಿಯೇ ಸುಷ್ಮಾ ಸ್ವರಾಜ್ ತೀರಿಕೊಂಡರು. ಟೀವಿಗಳಿಗೆ ಉಸಿರಾಡಲೂ ಬಿಡುವಿರಲಿಲ್ಲ.

ನಮ್ಮ ಕಡೆ ಆ ಸೋಮವಾರ ನಾಗರ ಪಂಚಮಿ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಪಂಚಮಿಯೆಂದರೆ ತವರಿಗೆ ಬಂದ ಹೆಣ್ಣುಮಕ್ಕಳು, ಜೋಕಾಲಿ, ಡಬ್ಬಿ ತುಂಬ ಶೇಂಗಾದುಂಡಿ, ಎಳ್ಳುಂಡಿ. ಆ ವರ್ಷ ಜೋಕಾಲಿ ಕಟ್ಟಲು ಮಳೆ ಬಿಡಲಿಲ್ಲ. ಘಟ್ಟದ ಮೇಲೆ ಮುಗಿಲು ಹರಿದುಬಿದ್ದಿತ್ತು. ಕೊಲ್ಲಾಪುರ, ಸಾಂಗ್ಲಿ ನೀರಿನಲ್ಲಿದ್ದವು. ನಿಪ್ಪಾಣಿಯ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿಯ ಮೇಲೆಯೇ ಹೊಳೆ ಹರಿದು ಪುಣೆಯ ದಾರಿ ಬಂದಾಯಿತು. ಆ ವಾರ ಮುಗಿಯುವುದರೊಳಗೆ ಸುಮಾರು 80 ಸಾವಿರ ಜನರ ಗೋಕಾಕ ಪಟ್ಟಣದ ತಗ್ಗಿನ ಓಣಿಗಳಲ್ಲಿ ನೀರು ಮನೆಯ ಛಾವಣಿಯನ್ನು ಮುಟ್ಟುತ್ತಿತ್ತು. ಲೋಳಸೂರ ಸೇತುವೆ ಕಾಣದಾಯಿತು. ಹಬ್ಬಕ್ಕೆ ಬಂದ ಹೆಣ್ಣುಮಕ್ಕಳು ಕೂಸುಗಳನ್ನು ಎತ್ತಿಕೊಂಡು ಶಾಲೆಗಳಲ್ಲಿ ತೆರೆದ ಗಂಜಿ ಕೇಂದ್ರ ಸೇರಿದರು. ಗಂಡನ ಮನೆಗೆ ಹೋಗುವ ದಾರಿ ಮುಚ್ಚಿತ್ತು, ತವರುಮನೆ ನೀರಿನಲ್ಲಿತ್ತು.

ಈ ಪ್ರವಾಹದ ಲೆಕ್ಕ ಹೊರಗಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯವಿದೆ. 51 ಟಿಎಂಸಿ ಹಿಡಿಯುತ್ತದೆ. ಅಷ್ಟು ದೊಡ್ಡ ಡ್ಯಾಮ್ ಇರುವಾಗ ಗೋಕಾಕ ಯಾಕೆ ಮುಳುಗಬೇಕು ಎಂದು ಬೆಂಗಳೂರಿನವರು ಕೇಳುತ್ತಾರೆ. ಡ್ಯಾಮ್ ಹಿಡಿಯುವುದು ಒಂದು ಹೊಳೆಯನ್ನು. ಅಂಬೋಲಿಯ ಕಡೆ ಹುಟ್ಟಿ, ಆಜರಾ, ಗಡಹಿಂಗ್ಲಜ ದಾಟಿ, ಸಂಕೇಶ್ವರವನ್ನು ಹಾದು ಬರುವ ಹಿರಣ್ಯಕೇಶಿ ಡ್ಯಾಮಿನ ಕೆಳಗೆ ಬಂದು ಘಟಪ್ರಭೆಯನ್ನು ಸೇರುತ್ತದೆ. ಮಾರ್ಕಂಡೇಯ ಗೋಕಾಕದ ಬಗಲಿಗೇ ಬಂದು ಕೂಡುತ್ತದೆ. ಮೂರೂ ಒಮ್ಮೆಗೇ ತುಂಬಿದರೆ, ಅದರ ಮೇಲೆ ಹಿಡಕಲ್ಲೂ ತುಂಬಿ ಗೇಟು ಎತ್ತಿದರೆ, ಗೋಕಾಕಕ್ಕೆ ಬೇರೆ ಹಾದಿಯಿಲ್ಲ. ಅಲ್ಲಿಂದ ಮುಂದೆ ಅದೇ ನೀರು ಮೂಡಲಗಿ ತಾಲೂಕಿನ ಸುಣಧೋಳಿ, ಮಸಗುಪ್ಪಿಯಂಥ ಹೊಳೆದಂಡೆಯ ಊರುಗಳಿಗೆ ಹೊಕ್ಕಿತು. ಮೂಡಲಗಿ ತಾಲೂಕಾಗಿ ಆಗ ಎರಡು ವರ್ಷವೂ ಆಗಿರಲಿಲ್ಲ. ತಾಲೂಕು ಬೇಕೆಂದು ಬೀದಿಗಿಳಿದು ಪಡೆದ ಊರು ಅದು. ಹೊಸ ತಹಶೀಲ್ದಾರ ಕಚೇರಿಗೆ ಮೊದಲ ದೊಡ್ಡ ಪರೀಕ್ಷೆ ಹೊಳೆಯಿಂದಲೇ ಬಂತು.

ಆ ದಿನಗಳಲ್ಲಿ ನಾನು ಗಂಜಿ ಕೇಂದ್ರವೊಂದರಲ್ಲಿ ಅರ್ಜಿ ಬರೆದುಕೊಡುತ್ತಿದ್ದೆ. ಓದು ಬರಹ ಬರುವ ಯಾರಾದರೂ ಮಾಡುವ ಕೆಲಸ. ಅಲ್ಲಿ ಒಬ್ಬ ತಾಯಿ ಸಿಕ್ಕಳು. ಮಗ ಸೈನ್ಯದಲ್ಲಿ, ಕಾಶ್ಮೀರದಲ್ಲಿ. ಬೆಳಗಾವಿ ಜಿಲ್ಲೆಯಲ್ಲಿ ಇದು ಅಪರೂಪದ ಸಂಗತಿಯಲ್ಲ, ಹಳ್ಳಿ ಹಳ್ಳಿಯಲ್ಲಿ ಫೌಜಿನ ಮನೆಗಳಿವೆ. ಕಾಶ್ಮೀರದಲ್ಲಿ ಸರಕಾರ ಫೋನು, ಇಂಟರ್ನೆಟ್ಟು ಎಲ್ಲ ಬಂದ್ ಮಾಡಿತ್ತು. ಮಗನ ಮೊಬೈಲೂ ಮೂಕವಾಗಿತ್ತು. ಇಲ್ಲಿ ಕರೆಂಟಿಲ್ಲದೆ ತಾಯಿಯ ಮೊಬೈಲೂ ಸತ್ತಿತ್ತು. ಅವನು ಪಲ್ಟನ್ನಿನ ಫೋನಿನಿಂದ ಸರದಿ ಹಚ್ಚಿ ಮಾಡಿದ ಕರೆ ಇಲ್ಲಿ ಯಾರಿಗೂ ಸೇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಮನೆ ಬಿದ್ದದ್ದರ ಬಗ್ಗೆ ಆಕೆ ಹೆಚ್ಚು ಮಾತಾಡಲಿಲ್ಲ. ಟೀವಿಯಲ್ಲಿ ಗೋಕಾಕ ಮುಳುಗಿದ್ದನ್ನು ಮಗ ಕಂಡಿದ್ದರೆ ಅವನ ಜೀವ ಏನಾಗಿರಬೇಕು ಎಂಬುದೊಂದೇ ಸಂಕಟ. ಕುಂತಲ್ಲೇ ಒಂದು ಮಾತು ಹೇಳಿದಳು: "ಅಲ್ಲಿ ಮಂದೀಗೂ ಫೋನಿಲ್ಲಂತಲ್ರೀ ಅಣ್ಣಾರ. ಅವರ ತಾಯಿಗೋಳೂ ನಮ್ಮಂಗ ಕುಂತಿರ್ಬೇಕು ನೋಡ್ರಿ."

370ನೇ ವಿಧಿಯ ಬಗ್ಗೆ ನನಗೊಂದು ಅಭಿಪ್ರಾಯವಿದೆ, ಓದುಗರಿಗೂ ಇರುತ್ತದೆ. ಅದನ್ನು ಇಲ್ಲಿ ಹಿಡಿದು ಎಳೆಯುವುದಿಲ್ಲ. ಆದರೆ ಆ ವಾರ ದೇಶದ ಏಕತೆಯ ಬಗ್ಗೆ ನಾನು ಕೇಳಿದ ನೂರಾರು ಮಾತುಗಳಲ್ಲಿ ಈ ಒಂದು ಮಾತು ಮಾತ್ರ ನನ್ನೊಳಗೆ ಉಳಿಯಿತು. ಸಂಸತ್ತಿನಲ್ಲಿ ಮಾತಾಡಿದವರು ಕಾಶ್ಮೀರವನ್ನು ನೆಲವಾಗಿ, ವಿಧಿಯಾಗಿ, ಗೆಲುವಾಗಿ, ಸೋಲಾಗಿ ಕಂಡರು. ನೆನೆದ ಸೀರೆಯಲ್ಲಿ ಬೆಂಚಿಗೆ ಒರಗಿ ಕೂತವಳು ಅಲ್ಲಿಯೂ ಮಗನ ದನಿಗಾಗಿ ಕಾಯುವ ತಾಯಿಯನ್ನು ಕಂಡಳು. ಒಂದು ದೇಶದ ಜನ ಎಂದು ನಮ್ಮನ್ನು ಕರೆದುಕೊಳ್ಳಲು ಇದಕ್ಕಿಂತ ಗಟ್ಟಿಯಾದ ಆಧಾರ ಯಾವುದಿದೆ?

ಆ ಹೊತ್ತಿನಲ್ಲಿ ನಮಗೆ ಸರಕಾರವೆಂದರೆ ಯಾರಿದ್ದರು ಎಂದು ಆಮೇಲೆ ಕೂತು ಯೋಚಿಸಿದಾಗ ಮೈ ಜುಮ್ಮೆಂದಿತು. ಜುಲೈ 23ರಂದು ಕುಮಾರಸ್ವಾಮಿಯವರ ಸರಕಾರ 99ಕ್ಕೆ 105 ಮತಗಳಿಂದ ಬಿದ್ದಿತ್ತು. ಅದನ್ನು ಬೀಳಿಸಿದ ಬಂಡಾಯದ ಮುಂಚೂಣಿಯಲ್ಲಿದ್ದವರು ಗೋಕಾಕದ ಶಾಸಕ ರಮೇಶ ಜಾರಕಿಹೊಳಿ. ಜುಲೈ 25ರಂದು ಸಭಾಧ್ಯಕ್ಷ ರಮೇಶ್ ಕುಮಾರ್, ಜಾರಕಿಹೊಳಿಯವರನ್ನು ಅನರ್ಹಗೊಳಿಸಿದರು. 26ರಂದು ಯಡಿಯೂರಪ್ಪ ಮುಖ್ಯಮಂತ್ರಿಯಾದರು, ಒಬ್ಬರೇ. ಮಂತ್ರಿಮಂಡಲದ ಉಳಿದ 17 ಜನ ಪ್ರಮಾಣವಚನ ತೆಗೆದುಕೊಂಡದ್ದು ಆಗಸ್ಟ್ 20ಕ್ಕೆ. ಅಂದರೆ ನೂರಕ್ಕೂ ಹೆಚ್ಚು ತಾಲೂಕುಗಳು ಪ್ರವಾಹಪೀಡಿತವಾದ ಆ ವಾರಗಳಲ್ಲಿ ರಾಜ್ಯಕ್ಕೆ ಕಂದಾಯ ಮಂತ್ರಿಯಿಲ್ಲ, ನೀರಾವರಿ ಮಂತ್ರಿಯಿಲ್ಲ, ಬೆಳಗಾವಿಗೆ ಉಸ್ತುವಾರಿ ಮಂತ್ರಿಯಿಲ್ಲ. ಗೋಕಾಕಕ್ಕೆ ಶಾಸಕರೇ ಇಲ್ಲ. ಮುಖ್ಯಮಂತ್ರಿ ಬಂದರು, ಕೇಂದ್ರದ ಹಣಕಾಸು ಸಚಿವರು ಬಂದರು, ಗೃಹ ಸಚಿವರು ವಿಮಾನದಿಂದ ನೋಡಿಹೋದರು. ನೋಡುವುದು ಒಂದು ಕೆಲಸ. ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆಯತನಕ ಓಣಿಯಲ್ಲಿ ನಿಲ್ಲುವುದು ಬೇರೆಯೇ ಕೆಲಸ.

ಆ ಎರಡನೆಯ ಕೆಲಸ ಮಾಡಿದವರಿದ್ದರು, ಅದನ್ನು ಹೇಳದೆ ಮುಂದೆ ಹೋದರೆ ದ್ರೋಹವಾದೀತು. ಸೈನ್ಯದವರು ಮತ್ತು ಎನ್‌ಡಿಆರ್‌ಎಫ್‌ನವರು ಬೋಟು ತಂದರು. ತಲಾಟಿಗಳು ನಿದ್ದೆಗೆಟ್ಟರು. ಅಂಗನವಾಡಿ ಅಕ್ಕಗಳು ತಮ್ಮ ಮನೆಗೆ ನೀರು ಬಂದಾಗಲೂ ಪಟ್ಟಿ ಹಿಡಿದು ತಿರುಗಿದರು. ಮಠಗಳಲ್ಲಿ ಅನ್ನ ಬೇಯಿತು. ಓಣಿಯ ಹುಡುಗರು ಟ್ರ್ಯಾಕ್ಟರ್ ಟ್ಯೂಬು ಕಟ್ಟಿಕೊಂಡು ಮುದುಕರನ್ನು ಹೊತ್ತು ತಂದರು. ಆಗಸ್ಟ್ 12ಕ್ಕೆ ಬಕ್ರೀದ್ ಬಂತು. ಮನೆಯೊಳಗೆ ಮೊಣಕಾಲಮಟ ರಾಡಿ. ಹೊಸ ಬಟ್ಟೆ ನೆನೆದುಹೋಗಿತ್ತು. ಇದ್ದುದನ್ನೇ ಉಟ್ಟು ನಮಾಜು ಮಾಡಿ ಬಂದವರು ಮಧ್ಯಾಹ್ನ ಮತ್ತೆ ಸಲಿಕೆ ಹಿಡಿದರು.

ಮೂರು ದಿನದ ಮೇಲೆ ಸ್ವಾತಂತ್ರ್ಯ ದಿನ. ಗಂಜಿ ಕೇಂದ್ರವಾಗಿದ್ದ ಶಾಲೆಗಳಲ್ಲೂ ಧ್ವಜ ಏರಿತು. ಶಾಲೆಯ ಹುಡುಗರ ಜೊತೆ ಅಲ್ಲಿ ತಂಗಿದ್ದವರೂ ಸಾಲಾಗಿ ನಿಂತರು. ಅಂದು ಕೆಂಪುಕೋಟೆಯಿಂದ ಪ್ರಧಾನಿಯವರು ಮನೆ ಮನೆಗೂ ನಲ್ಲಿ ನೀರು ಕೊಡುವ ಜಲ ಜೀವನ ಯೋಜನೆಯನ್ನು ಸಾರಿದರು. ಮೂರೂವರೆ ಲಕ್ಷ ಕೋಟಿ ರೂಪಾಯಿಯ ಯೋಜನೆ. ಒಳ್ಳೆಯದು, ನಮ್ಮ ಹೆಣ್ಣುಮಕ್ಕಳು ಕೊಡ ಹೊತ್ತು ಸವೆದ ತಲೆಮಾರುಗಳನ್ನು ನೋಡಿದವನಿಗೆ ಅದು ಸಣ್ಣ ಮಾತಲ್ಲ. ಆದರೆ ನೀರಿನ ಇನ್ನೊಂದು ಮುಖವನ್ನು ಹತ್ತು ದಿನದಿಂದ ನೋಡುತ್ತಿದ್ದ ನಾವು ಆ ಭಾಷಣದಲ್ಲಿ ನಮ್ಮನ್ನು ಹುಡುಕಿದೆವು. ಪ್ರವಾಹದ ಪ್ರಸ್ತಾಪ, ಸಂತಾಪ ಇತ್ತು. ದೇಶ ನಮ್ಮನ್ನು ಮರೆತಿದೆ ಎಂದು ಹೇಳುವಂತಿರಲಿಲ್ಲ. ಹಾಗಾದರೆ ನಮ್ಮೊಳಗೆ ಉಳಿದ ಕೊರತೆ ಯಾವುದು ಎಂಬುದು ನನ್ನನ್ನು ಬಹಳ ಕಾಡಿತು.

ಉತ್ತರ ಸಿಕ್ಕದ್ದು ನೀರು ಇಳಿದ ಮೇಲೆ.

ನಮ್ಮ ಹಳ್ಳಿಗಳ ಹಳೆಯ ಮನೆಗಳ ಗೋಡೆ ಮಣ್ಣಿನವು. ನೀರಿನಲ್ಲಿರುವಾಗ ಅವು ಹೇಗೋ ನಿಂತಿರುತ್ತವೆ. ಬೀಳುವುದು ಆಮೇಲೆ, ಬಿಸಿಲು ಬಿದ್ದು ಒಣಗತೊಡಗಿದಾಗ. ಬುಡ ಕರಗಿರುತ್ತದೆ, ಮೇಲಿನ ಭಾರ ತಡೆಯುವುದಿಲ್ಲ. ಒಂದು ರಾತ್ರಿ ಧೊಪ್ಪೆಂದು ಕೂರುತ್ತದೆ. ಸರಕಾರದ ಸಮೀಕ್ಷೆ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಶೇ 75ಕ್ಕಿಂತ ಹೆಚ್ಚು ಹಾಳಾದದ್ದು ಎ, ಅದಕ್ಕೆ 5 ಲಕ್ಷ. ಸಿ ಎಂದರೆ ಗೋಡೆ ಸ್ವಲ್ಪ ಕುಸಿದದ್ದು, ಅದಕ್ಕೆ 50 ಸಾವಿರ. ತುರ್ತಿಗೆ ಪ್ರತಿ ಕುಟುಂಬಕ್ಕೆ 10 ಸಾವಿರ. ಹಿಂದಿನ ಯಾವ ಪ್ರವಾಹಕ್ಕೆ ಹೋಲಿಸಿದರೂ ಇದು ಉದಾರವಾದ ಪರಿಹಾರ, ಅದನ್ನು ಒಪ್ಪಲೇಬೇಕು. ಆದರೆ ಎಂಜಿನಿಯರು ಬಂದ ದಿನ ನಿಂತಿದ್ದ ಗೋಡೆ, ಅವರು ಹೋದ ವಾರ ಬಿದ್ದರೆ? ಪಂಚನಾಮೆಯಲ್ಲಿ ಅದು ನಿಂತೇ ಇದೆ. ನಾನು ಬರೆದುಕೊಟ್ಟ ಅರ್ಜಿಗಳಲ್ಲಿ ಬಹಳಷ್ಟು ಇಂಥವು. ಬಿದ್ದ ಗೋಡೆಯ ಎದುರು ನಿಂತು, ಅದು ಬಿದ್ದಿದೆ ಎಂದು ಕಾಗದದಲ್ಲಿ ಬರೆಯಬೇಕಿತ್ತು.

ಕಾಗದದ ಮಾತು ಇನ್ನೂ ಕಠಿಣವಾದದ್ದು. ಪರಿಹಾರಕ್ಕೆ ಆಧಾರ್ ಬೇಕು, ರೇಶನ್ ಕಾರ್ಡು ಬೇಕು, ಮನೆಯ ಉತಾರ ಬೇಕು, ಬ್ಯಾಂಕ್ ಪಾಸ್‌ಬುಕ್ ಬೇಕು. ಇವೆಲ್ಲ ಇದ್ದದ್ದು ಟ್ರಂಕಿನಲ್ಲಿ. ಟ್ರಂಕು ಹೋದದ್ದು ಹೊಳೆಯಲ್ಲಿ. ಸಿಕ್ಕ ಕಾಗದಗಳನ್ನು ಹೆಂಗಸರು ಒಂದೊಂದಾಗಿ ಬಿಡಿಸಿ ಗುಡಿಯ ಕಟ್ಟೆಯ ಮೇಲೆ, ಹಪ್ಪಳ ಒಣಗಿಸಿದಂತೆ, ಬಿಸಿಲಿಗೆ ಹರಡಿದ್ದರು. ಅಜ್ಜನ ಹೆಸರಿನಲ್ಲೇ ಉಳಿದ ಉತಾರ, ವಾರಸಾ ಆಗದ ಮನೆ, ನಾಲ್ಕು ಜನ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ್ದರೂ ದಾಖಲೆಯಲ್ಲಿ ಒಂದೇ ಮನೆ. ಬಾಡಿಗೆಗೆ ಇದ್ದವರ ಸಾಮಾನೆಲ್ಲ ಹೋಗಿತ್ತು, ಪಟ್ಟಿಯಲ್ಲಿ ಅವರ ಹೆಸರು ಬರಲು ಅವರೇ ಸಾಕ್ಷಿ ಹುಡುಕಬೇಕು.

ದೇಶಕ್ಕೂ ನಾಗರಿಕನಿಗೂ ನಡುವಿನ ಅಂತರ ಗೋಕಾಕದಿಂದ ದಿಲ್ಲಿಗೆ ಎಷ್ಟು ಮೈಲಿಯೋ ಅಷ್ಟು ಎಂದು ನಾನು ಅಲ್ಲಿಯತನಕ ತಿಳಿದಿದ್ದೆ. ಉತ್ತರ ಕರ್ನಾಟಕದವರು ಬೆಂಗಳೂರಿನ ಬಗ್ಗೆ ಹೇಳುವ ದೂರೂ ಇದೇ. ಹುಕ್ಕೇರಿಯ ಶಾಸಕರಾಗಿದ್ದ ಉಮೇಶ ಕತ್ತಿಯವರು ಪ್ರತ್ಯೇಕ ರಾಜ್ಯದ ಮಾತನ್ನು ಮತ್ತೆ ಮತ್ತೆ ಎತ್ತಿದ್ದೂ ಈ ದೂರದ ಹೆಸರಿನಲ್ಲೇ. ಆ ಅರ್ಜಿಗಳನ್ನು ಬರೆಯುತ್ತ ನನಗೆ ಬೇರೆ ತೋರಿತು. ಅಂತರ ಇರುವುದು ನೀರು ಇಳಿದ ದಿನಕ್ಕೂ ಕಾಗದ ಬಂದ ದಿನಕ್ಕೂ ನಡುವೆ. ಬೋಟು ಬೇಗ ಬರುತ್ತದೆ, ಹೆಲಿಕಾಪ್ಟರ್ ಬೇಗ ಬರುತ್ತದೆ, ಕಣ್ಣೀರು ಬರುವುದಂತೂ ಇನ್ನೂ ಬೇಗ. ಆಮೇಲಿನ ದೀರ್ಘವಾದ, ಬೇಸರದ, ಕ್ಯಾಮೆರಾ ಇಲ್ಲದ ತಿಂಗಳುಗಳಲ್ಲಿ ಯಾರು ನಮ್ಮ ಜೊತೆ ನಿಲ್ಲುತ್ತಾರೆ ಎಂಬುದರಲ್ಲಿ ದೇಶವಿದೆ. ರಾಜ್ಯ ತನ್ನ ನಷ್ಟ 35 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ್ದು ಎಂದು ಕೇಂದ್ರಕ್ಕೆ ಲೆಕ್ಕ ಕೊಟ್ಟಿತು. ಕೇಂದ್ರದ ಮೊದಲ ಕಂತು 1,200 ಕೋಟಿ ಬಂದದ್ದು ಅಕ್ಟೋಬರಿನ ಮೊದಲ ವಾರ. ಮೊತ್ತದ ಬಗ್ಗೆ ಪಕ್ಷಗಳು ಜಗಳಾಡಿದವು. ನನಗೆ ಆ ನಡುವಿನ ಎರಡು ತಿಂಗಳು ಹೆಚ್ಚು ಮುಖ್ಯವೆನಿಸುತ್ತದೆ, ಯಾಕೆಂದರೆ ಆ ಎರಡು ತಿಂಗಳಲ್ಲಿ ಜನ ಸಾಲ ಮಾಡಿದರು, ದನ ಮಾರಿದರು, ಕೊಳೆತ ಕಬ್ಬನ್ನು ತೆಗೆಯಲು ಕೂಲಿ ಕೊಡಲಾಗದೆ ಹೊಲ ಬೀಳು ಬಿಟ್ಟರು.

ಇದರ ನಡುವೆ ಸೆಪ್ಟೆಂಬರ್ 6ರ ರಾತ್ರಿ ಬಂತು. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಇಳಿಯುವುದನ್ನು ನೋಡಲು ಎಷ್ಟೋ ಮನೆಗಳಲ್ಲಿ ಹುಡುಗರು ಎದ್ದಿದ್ದರು. ಬೆಳಗಿನ ಜಾವ ಎರಡು ಗಂಟೆಯ ಸುಮಾರಿಗೆ, ನೆಲ ಇನ್ನೇನು ಎರಡು ಕಿಲೋಮೀಟರ್ ಇದೆ ಎನ್ನುವಾಗ ಸಂಪರ್ಕ ತಪ್ಪಿತು. ಪತ್ರಾಸಿನ ಶೆಡ್ಡಿನಲ್ಲಿ ಇದ್ದ ಒಬ್ಬ ಹುಡುಗ ಮರುದಿನ ನನ್ನ ಎದುರು ಅಳುತ್ತ ಹೇಳಿದ್ದು ಅವನ ಪುಸ್ತಕ ಹೋದದ್ದನ್ನಲ್ಲ, ವಿಕ್ರಮ್ ಹೋದದ್ದನ್ನು. ಜನರಿಗೆ ಮನೆಯಿಲ್ಲ, ಚಂದ್ರ ಯಾಕೆ ಬೇಕು ಎಂಬ ಮಾತು ಆಗ ಬಹಳ ಜನ ಆಡಿದರು. ನಾನು ಒಪ್ಪುವುದಿಲ್ಲ. ಆ ಹುಡುಗನ ಅಳು ಸುಳ್ಳಲ್ಲ. ಆ ರಾತ್ರಿ ದೇಶ ಪೂರ್ತಿಯಾಗಿ ಅವನದಾಗಿತ್ತು, ಅದನ್ನು ಅವನಿಂದ ಕಸಿಯಲು ನಾವು ಯಾರು? ನನ್ನ ಪ್ರಶ್ನೆ ಬೇರೆ ಕಡೆಯಿಂದ ಬರುತ್ತದೆ. 3 ಲಕ್ಷ 84 ಸಾವಿರ ಕಿಲೋಮೀಟರ್ ದೂರದ ನೆಲದ ಮೇಲೆ ಎಲ್ಲಿ, ಯಾವ ಗಳಿಗೆಗೆ ಇಳಿಯಬೇಕೆಂದು ಲೆಕ್ಕ ಹಾಕುವ ದೇಶ ನಮ್ಮದು. ಆಜರಾದಲ್ಲಿ ಬಿದ್ದ ಮಳೆ ಸಂಕೇಶ್ವರಕ್ಕೆ ಎಷ್ಟು ತಾಸಿಗೆ ಬರುತ್ತದೆ, ಅಲ್ಲಿಂದ ಗೋಕಾಕದ ಯಾವ ಓಣಿಯ ಯಾವ ಮೆಟ್ಟಿಲಿಗೆ ಏರುತ್ತದೆ ಎಂದು ಆ ಓಣಿಯವರಿಗೆ ಮುಂಚಿತವಾಗಿ ಹೇಳಲು ಆ ಬುದ್ಧಿ ಯಾಕೆ ಇಳಿದು ಬರಬಾರದು? ಈಗಲೂ ಇಲ್ಲಿ ಎಷ್ಟೋ ಜನ ನಂಬುವುದು ಗಡಹಿಂಗ್ಲಜದ ಬೀಗರ ಫೋನನ್ನು. "ಇಲ್ಲಿ ಹೊಳಿ ದಾಂಡಿ ಏರೇತಿ, ಸಾಮಾನ ಮ್ಯಾಲ ಇಡ್ರಿ" ಎಂದು ಅವರು ಮರಾಠಿ ಬೆರೆತ ಕನ್ನಡದಲ್ಲಿ ಹೇಳುತ್ತಾರೆ. ಆ ವರ್ಷದ ಕೊನೆಗೆ ಮಹಾರಾಷ್ಟ್ರದ ಹೊಸ ಸರಕಾರ ಗಡಿ ವಿವಾದಕ್ಕೆಂದೇ ಇಬ್ಬರು ಮಂತ್ರಿಗಳನ್ನು ನೇಮಿಸಿತು. ಹಿರಣ್ಯಕೇಶಿಯ ನೀರಿನ ಮಟ್ಟವನ್ನು ಎರಡೂ ಕಡೆಯ ಹಳ್ಳಿಗಳಿಗೆ ತಾಸಿಗೊಮ್ಮೆ ತಿಳಿಸಲು ಎರಡೂ ರಾಜ್ಯಗಳು ಇಬ್ಬರನ್ನು ನೇಮಿಸಿದ್ದರೆ ನಮಗೆ ಹೆಚ್ಚು ಉಪಕಾರವಾಗುತ್ತಿತ್ತು.

ದೇಶ ಹತ್ತಿರವೂ ಇರಬಲ್ಲದು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ಬ್ರಿಟಿಷರ ಕಾಲದಲ್ಲಿ ಗೋಕಾಕ ಫಾಲ್ಸಿನ ನೀರಿನ ಬಲದಿಂದ ನೂಲಿನ ಗಿರಣಿ ಓಡಿತು. ಸುತ್ತಲಿನ ಹಳ್ಳಿಗಳು ಆಗಲೂ ಕಂದೀಲು ಹಚ್ಚುತ್ತಿದ್ದವು. ಸ್ವಾತಂತ್ರ್ಯ ಬಂದ ಮೇಲೆ, 1969ರಲ್ಲಿ, ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಕರೆಂಟು ಹಂಚುವ ಇಂಥ ಸಹಕಾರಿ ಸಂಘ ಕರ್ನಾಟಕದಲ್ಲಿ ಇದೊಂದೇ. 2019 ಅದರ ಐವತ್ತನೆಯ ವರ್ಷ. ಅದರಲ್ಲಿ ರಾಜಕೀಯ ಇಲ್ಲವೆಂದಲ್ಲ, ಚುನಾವಣೆಯ ಬಿಸಿ ಅಲ್ಲಿಯೂ ಇದೆ. ಆದರೆ ಕಂಬ ಬಿದ್ದ ರೈತ ಹುಬ್ಬಳ್ಳಿಯ ವಿದ್ಯುತ್ ಕಂಪನಿಯ ಕಡೆ ನೋಡಬೇಕಿಲ್ಲ. ತಾನು ಸದಸ್ಯನಾದ ಸಂಘದ ಬಾಗಿಲಿಗೆ ಹೋಗಿ, ನನ್ನ ಕಂಬ ಯಾವಾಗ ನಿಲ್ಲಿಸುತ್ತೀರಿ ಎಂದು ದನಿ ಎತ್ತಿ ಕೇಳಬಲ್ಲ. ಸ್ವರಾಜ್ಯ ಎಂದು ಹಿಂದಿನವರು ಕನಸಿದ್ದು ಇಂಥದ್ದೇ ಏನನ್ನೋ ಇರಬೇಕು. ಕೇಳುವ ಹಕ್ಕು ಕಾಲುನಡಿಗೆಯ ದೂರದಲ್ಲಿರುವುದು.

ಅಕ್ಟೋಬರಿನಲ್ಲಿ ಮತ್ತೆ ಮಳೆ ಬಂತು. ಗೋಕಾಕದ ಬೆಟ್ಟದ ಮೇಲಿನ ಬಂಡೆಗಳು ಸಡಿಲಾಗಿ ಕೆಳಗಿನ ಮನೆಗಳವರು ಮತ್ತೊಮ್ಮೆ ಗಂಟು ಕಟ್ಟಿದರು. ಶಾಸಕರಿಲ್ಲದ ಗೋಕಾಕಕ್ಕೆ ಆ ತಿಂಗಳ 21ಕ್ಕೆ ನಡೆಯಬೇಕಿದ್ದ ಉಪಚುನಾವಣೆ ಮುಂದೆ ಹೋಯಿತು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದಿತು. ಡಿಸೆಂಬರ್ 5ಕ್ಕೆ ಮತದಾನ. ಬಿಜೆಪಿಯಿಂದ ಅಣ್ಣ ರಮೇಶ, ಕಾಂಗ್ರೆಸ್ಸಿನಿಂದ ತಮ್ಮ ಲಖನ್. ಇನ್ನಿಬ್ಬರು ಸಹೋದರರು ಪಕ್ಕದ ಕ್ಷೇತ್ರಗಳ ಶಾಸಕರು, ಅರಭಾವಿಯಲ್ಲಿ ಬಿಜೆಪಿಯ ಬಾಲಚಂದ್ರ, ಯಮಕನಮರಡಿಯಲ್ಲಿ ಕಾಂಗ್ರೆಸ್ಸಿನ ಸತೀಶ. ಇಡೀ ರಾಜ್ಯದ ಪತ್ರಕರ್ತರು ಗೋಕಾಕಕ್ಕೆ ಬಂದರು. ಆಗಸ್ಟಿನಲ್ಲಿ ಕೊಚ್ಚಿಹೋದ ಓಣಿಗಳಲ್ಲಿ ನಿಂತು ಅಣ್ಣತಮ್ಮಂದಿರ ಕಥೆ ಕೇಳಿದರು. ಹಿಂದಿದ್ದ ಗೋಡೆಯ ಮೇಲೆ, ಆಳೆತ್ತರಕ್ಕಿಂತ ಮೇಲೆ, ಹೊಳೆಯ ರಾಡಿಯ ಗೆರೆ ಹಾಗೇ ಇತ್ತು.

ಜನ ಸಾಲಾಗಿ ನಿಂತು ಮತ ಹಾಕಿದರು. ಏಪ್ರಿಲ್ 23ರಂದು ಲೋಕಸಭೆಗೆ ಹಾಕಿದಾಗ ಅವರ ಮನಸ್ಸಿನಲ್ಲಿ ಪುಲ್ವಾಮಾ ಇತ್ತು, ದೇಶದ ರಕ್ಷಣೆಯ ಮಾತಿತ್ತು. ಡಿಸೆಂಬರಿನಲ್ಲಿ ನಾನು ಕೇಳಿದ್ದೆಲ್ಲ ಮನೆ ಪರಿಹಾರದ ಎರಡನೆಯ ಕಂತಿನ ಮಾತು. ಅಡಿಪಾಯ ಹಾಕಿ ಫೋಟೋ ಕಳಿಸಿದ್ದೇವೆ, ದುಡ್ಡು ಯಾವಾಗ ಬರುತ್ತದೆ? ರಮೇಶ ಗೆದ್ದರು. 2020ರ ಫೆಬ್ರವರಿಯಲ್ಲಿ ರಾಜ್ಯದ ಜಲಸಂಪನ್ಮೂಲ ಮಂತ್ರಿಯಾದರು. ಹಿಡಕಲ್ ಡ್ಯಾಮಿನ ಖಾತೆ ಅದರಡಿ ಮುಳುಗಿದ ಊರಿನವರ ಕೈಗೇ ಬಂದಂತಾಯಿತು. ಇಲ್ಲಿಯವರು ನಿಜವಾಗಿ ಆಸೆಪಟ್ಟರು. ಮಾರ್ಚಿಗೆ ಕೊರೊನಾ ಬಂದು ದೇಶದ ಗಮನವನ್ನೆಲ್ಲ ಎತ್ತಿಕೊಂಡು ಹೋಯಿತು. ಬೆಳಗಾವಿಯ ಸಂಸದರೂ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ರೋಗಕ್ಕೆ ಬಲಿಯಾದರು. 2019ರ ಕಡತಗಳು ಕಪಾಟು ಸೇರಿದವು.

2021ರ ಜುಲೈನಲ್ಲಿ ಲೋಳಸೂರ ಸೇತುವೆ ಮತ್ತೆ ಮುಳುಗಿತು. 2024ರ ಜುಲೈನಲ್ಲಿ ಮತ್ತೆ. ಪರಿಹಾರದ ದುಡ್ಡಿನಲ್ಲಿ ಕಟ್ಟಿದ ಮನೆಗಳು ಬಹುತೇಕ ಹಳೆಯ ಜಾಗದಲ್ಲೇ ಎದ್ದಿವೆ, ಯಾಕೆಂದರೆ ಉತಾರ ಇರುವುದು ಆ ಜಾಗಕ್ಕೆ. ಎತ್ತರದ ಕಡೆ ಸ್ಥಳಾಂತರ ಮಾಡಬೇಕು ಎಂದು ಅಧಿಕಾರಿಗಳು ಹೇಳುತ್ತಾರೆ, ಹೇಳುವುದು ಸರಿಯೂ ಇದೆ. ಹೊಳೆದಂಡೆಯ ಓಣಿಯಲ್ಲಿ ಕಾಯಿಪಲ್ಲೆ ಮಾರುವ ಒಬ್ಬ ಅಕ್ಕನನ್ನು ಈ ಬಗ್ಗೆ ಕೇಳಿದೆ. ಬುಟ್ಟಿಯಿಂದ ಕೈ ತೆಗೆಯದೆ ಹೇಳಿದಳು: "ಮ್ಯಾಲ ಗುಡ್ಡದಾಗ ಮನಿ ಕೊಡ್ತಾರ್ರಿ, ಹೋಗೂನು. ನಸಕಿನ್ಯಾಗ ನಾಕಕ್ಕ ಪ್ಯಾಟಿಗೆ ಬರಾಕ ಬಸ್ ಬಿಡ್ತಾರೇನು ಕೇಳ್ರಿ. ನನ್ನ ಗಿರಾಕಿ ಎಲ್ಲಾ ಈ ಓಣ್ಯಾಗದಾರ." ಅವಳ ಪ್ರಶ್ನೆಯನ್ನು ಹಾಗೇ ಬರೆದು, ಬಸ್ಸಿನ ವೇಳೆ, ಗುಡ್ಡದ ಮೇಲೆ ಸಂತೆಕಟ್ಟೆ, ಮಕ್ಕಳ ಶಾಲೆ ಎಂದು ಮೂರು ಸಾಲು ಸೇರಿಸಿ ಅರ್ಜಿ ಮಾಡಿದ್ದೇವೆ. ಓಣಿಯ ಹೆಂಗಸರೆಲ್ಲ ಸಹಿ ಹಾಕಿದ್ದಾರೆ, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದ್ದಾರೆ. ಉತ್ತರ ಬರುವತನಕ ತಿಂಗಳಿಗೊಮ್ಮೆ ಕಚೇರಿಗೆ ಹೋಗಿ ಕೇಳುವುದೆಂದು ಅವರೇ ತಮ್ಮತಮ್ಮಲ್ಲಿ ಪಾಳಿ ಹಚ್ಚಿಕೊಂಡಿದ್ದಾರೆ.